ಹೊರಡೋಣಪ್ಪನ ತಲೆ ಎಣಿಕೆ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು, ಡ್ರೈವಿಂಗ್ ಲೈಸೆನ್ಸಿನಲ್ಲಿ ಅದು ಈಗಲೂ ಇದೆ. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನು ತಿರುಗಿ ನೋಡುವುದೂ ಅನುಮಾನ. ಹತ್ತೊಂಬತ್ತು ವರ್ಷಗಳಿಂದ ಎಲ್ಲರ ಬಾಯಲ್ಲೂ ಅವನು ಹೊರಡೋಣಪ್ಪ. ಊರು ನೋಡಲು ಬಂದವರನ್ನು ಬಸ್ಸಿಗೆ ತುಂಬಿಕೊಂಡು ಬೆಳಿಗ್ಗೆ ಎಂಟೂವರೆಗೆ ರೈಲು ನಿಲ್ದಾಣದ ಮುಂದಿನಿಂದ ಹೊರಟು, ಐದು ಜಾಗ ತೋರಿಸಿ, ಸಂಜೆ ಐದೂಮುಕ್ಕಾಲಕ್ಕೆ ಅದೇ ನಿಲ್ದಾಣದ ಮುಂದೆ ಇಳಿಸುವುದು ಅವನ ಕೆಲಸ. ಅಷ್ಟು ಹೊತ್ತಿನಲ್ಲಿ ಕಡಿಮೆಯೆಂದರೂ ನಲವತ್ತು ಸಲ ಅವನ ಬಾಯಿಂದ ಬರುವ ಮಾತು ಒಂದೇ: "ಹೊರಡೋಣಪ್ಪಾ, ಹೊರಡೋಣ."

ಊರು ವಿಶ್ವವಿದ್ಯಾಲಯದ್ದು. ಬೀದಿಗೊಂದು ಕಾಲೇಜು, ಕಾಲೇಜಿಗೊಂದು ಗೋಪುರ, ಗೋಪುರಕ್ಕೊಂದು ಕಥೆ. ಆ ಕಥೆಗಳ ಉಸಾಬರಿ ಹೊರಡೋಣಪ್ಪನಿಗಿಲ್ಲ. ಅವನ ಪಾಲಿಗೆ ಹಳೆಯ ಗ್ರಂಥಾಲಯವೆಂದರೆ ಬಸ್ಸು ನಿಲ್ಲಿಸಲು ಜಾಗವಿಲ್ಲದ ಕಡೆ. ಜನರನ್ನು ಇಳಿಸಿ, ಎರಡು ಸುತ್ತು ಹಾಕಿ ಬಂದು ಹತ್ತಿಸಿಕೊಳ್ಳಬೇಕು. ಗಂಟೆ ಗೋಪುರವೆಂದರೆ ಎಡಕ್ಕೊಂದು ಬಿಗಿಯಾದ ತಿರುವು, ಕನ್ನಡಿ ಮಡಚದಿದ್ದರೆ ಗೋಡೆಗೆ ಸವರುತ್ತದೆ. ಕಲ್ಲು ಸೇತುವೆಯೆಂದರೆ ಫೋಟೋ ಹುಚ್ಚು, ಹತ್ತು ನಿಮಿಷ ಅಂತ ಇಳಿದವರು ಇಪ್ಪತ್ತಾದರೂ ಹತ್ತುವುದಿಲ್ಲ. ಊರಾಚೆ ಗುಡ್ಡದ ಮೇಲಿನ ಕೋಟೆಯೆಂದರೆ ಒಳ್ಳೆಯ ನೆರಳು, ಕೆಟ್ಟ ಶೌಚಾಲಯ. ಹಳೆಯ ಮುದ್ರಣಾಲಯವೆಂದರೆ ಮಧ್ಯಾಹ್ನದ ಊಟ. ಹತ್ತೊಂಬತ್ತು ವರ್ಷದಲ್ಲಿ ಇವುಗಳಲ್ಲಿ ಒಂದರೊಳಗೂ ಅವನು ಕಾಲಿಟ್ಟಿರಲಿಲ್ಲ. ಜನ ಒಳಗೆ ಹೋದರೆ ಅವನು ಬಸ್ಸಿನ ಸುತ್ತ ಸುತ್ತುತ್ತಿದ್ದ, ಟೈರಿಗೆ ಒದೆಯುತ್ತಿದ್ದ, ಗಾಜು ಒರೆಸುತ್ತಿದ್ದ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದ. ಒಂದು ಕಡೆ ತೆಪ್ಪಗೆ ಕೂರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಮನೆಯಲ್ಲೂ ಅದೇ ಹಣೆಬರಹ. ಊಟ ಅರ್ಧ ನಿಂತುಕೊಂಡೇ ಆಗುತ್ತಿತ್ತು. ಮಗಳ ಮದುವೆಯ ಫೋಟೋಗಳಲ್ಲಿ ಅವನು ಒಂದರಲ್ಲೂ ಪೂರ್ತಿ ಬಿದ್ದಿಲ್ಲ. ಎಲ್ಲದರಲ್ಲೂ ಒಂದು ಭುಜ, ಅರ್ಧ ಕಿವಿ, ಎಲ್ಲಿಗೋ ಹೊರಟವನ ಬೆನ್ನು. ಹೆಂಡತಿ ಏನಾದರೂ ಹೇಳತೊಡಗಿದರೆ ಮೊದಲ ಮಾತಿಗೇ "ಹ್ಞಾಂ, ಗೊತ್ತಾಯ್ತು" ಎಂದು ಚಪ್ಪಲಿ ಮೆಟ್ಟುತ್ತಿದ್ದ. ಕೆಟ್ಟವನೇನಲ್ಲ, ಪಾಪ. ಕುಡಿತವಿಲ್ಲ, ಕೈ ಎತ್ತಿದವನಲ್ಲ, ದುಡಿದದ್ದನ್ನು ಮನೆಗೇ ತಂದವನು. ಆದರೆ ಮೂವರಿದ್ದ ಮನೆಯಲ್ಲಿ ಇಬ್ಬರೇ ಇದ್ದ ಹಾಗಿತ್ತು. ಮಗಳು ಮದುವೆಯಾಗಿ ಎರಡು ಬೀದಿ ಆಚೆ ಹೋದ ಮೇಲೆ ಒಬ್ಬಳೇ ಉಳಿದಳು.

ಆ ಒಬ್ಬಳು ಮುಂದಿನ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಕಾಲೇಜು ಹುಡುಗರ ಪ್ಯಾಂಟು ಗಿಡ್ಡ ಮಾಡುವುದು, ಕಾಜಾ ಹಾಕುವುದು, ಕಿತ್ತುಹೋದ ಜಿಪ್ಪು ಬದಲಿಸುವುದು. ಕಿಟಕಿ ತೆರೆದರೆ ಕಾಣುವುದು ಪಕ್ಕದ ಮನೆಯ ನೀರಿನ ಕೊಳವೆ. ಅವನು ಈ ಬಸ್ಸಿಗೆ ಸೇರಿದ ಹೊಸತರಲ್ಲಿ ಅವಳು ಕೇಳುತ್ತಿದ್ದಳು, "ರೀ, ಒಂದ್ಸಲ ನನ್ನೂ ಕರ್ಕೊಂಡು ಹೋಗ್ರಿ. ಆ ಕೋಟೆ ಒಂದಾದ್ರೂ ನೋಡ್ಬೇಕು." ಅವನು "ಸೀಸನ್ ಮುಗೀಲಿ ತಡಿ" ಎನ್ನುತ್ತಿದ್ದ. ಸೀಸನ್ ಮುಗಿದರೆ ಬಸ್ಸು ರಿಪೇರಿಗೆ ಹೋಗುತ್ತಿತ್ತು. ರಿಪೇರಿ ಮುಗಿದರೆ ಮತ್ತೆ ಸೀಸನ್. ಯಾವುದೋ ವರ್ಷ ಅವಳು ಕೇಳುವುದನ್ನು ಬಿಟ್ಟಳು. ಬಿಟ್ಟಿದ್ದು ಇವನ ಗಮನಕ್ಕೇ ಬರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ, ಅವನು ಅಡುಗೆಮನೆಯ ಕಟ್ಟೆಗೆ ಒರಗಿ ತಟ್ಟೆ ಹಿಡಿದಿದ್ದಾಗ ಅವಳು ಹೇಳಿದಳು, "ಸೋಮವಾರ ತಂಗಿ ಊರಿಗೆ ಹೋಗ್ತಿದ್ದೀನಿ. ಅವಳ ಅಂಗಡಿಗೆ ಸ್ಕೂಲ್ ಯೂನಿಫಾರ್ಮ್ ಆರ್ಡರ್ ಬಂದಿದೆ, ಜನ ಸಾಲ್ತಾ ಇಲ್ವಂತೆ."

"ಎಷ್ಟು ದಿನ?"

"ಗೊತ್ತಿಲ್ಲ."

"ಹ್ಞಾಂ, ಗೊತ್ತಾಯ್ತು," ಎಂದು ಇವನು ಕೈ ತೊಳೆದ.

ಗೊತ್ತಾಗಿದ್ದು ಮಾರನೇ ದಿನ, ಮಗಳು ಫೋನು ಮಾಡಿದಾಗ. "ಅಪ್ಪಾ, ಅಮ್ಮ ಮೆಷಿನ್ನೂ ತಗೊಂಡು ಹೋಗ್ತಿದ್ದಾಳೆ. ಅದಾದ್ರೂ ಗೊತ್ತಾ ನಿಂಗೆ?"

ನಾಲ್ಕು ದಿನದ ಮಟ್ಟಿಗೆ ಹೋಗುವವರು ಯಾರೂ ಹೊಲಿಗೆ ಮೆಷಿನ್ ಹೊತ್ತುಕೊಂಡು ಹೋಗುವುದಿಲ್ಲ. ಸಂಜೆ ಮನೆಗೆ ಬಂದವನು ಕಿಟಕಿ ಪಕ್ಕ ನೋಡಿದರೆ ಮೆಷಿನ್ನಿಗೆ ಆಗಲೇ ಹಳೆಯ ಕಂಬಳಿ ಸುತ್ತಿ ಹಗ್ಗ ಬಿಗಿದಿತ್ತು. ಅಲ್ಲಿಯೇ ನಿಂತು "ಹೋಗಬೇಡ" ಎಂದಿದ್ದರೆ ಮುಗಿಯುತ್ತಿತ್ತೇನೋ. ಅಂಥ ಮಾತು ಆಡಿ ಅಭ್ಯಾಸವಿಲ್ಲದ ನಾಲಿಗೆ. "ನಾಳೆ ನನ್ ಬಸ್ಸಲ್ಲಿ ಬಾ. ಕೋಟೆ ನೋಡ್ಬೇಕು ಅಂತಿದ್ಯಲ್ಲ," ಎಂದುಬಿಟ್ಟ. ಅವಳು ಅವನ ಮುಖ ನೋಡಿದಳು. "ಆಯ್ತು," ಎಂದಳು. ಆ ರಾತ್ರಿ ಅವನು ಮನಸ್ಸಿನಲ್ಲೇ ಮಂಡಿಗೆ ತಿಂದ. ನಾಳೆ ಒಂದು ದಿನ ಚೆನ್ನಾಗಿ ಕಳೆದರೆ ಅವಳ ಮನಸ್ಸು ತಿರುಗುತ್ತದೆ, ಮೆಷಿನ್ನಿನ ಹಗ್ಗ ಬಿಚ್ಚುತ್ತಾಳೆ, ಎಲ್ಲ ಮೊದಲಿನ ಹಾಗೇ ಆಗುತ್ತದೆ. ಮೊದಲಿನ ಹಾಗೆ ಆಗುವುದೇ ಅವಳಿಗೆ ಬೇಡವಾಗಿದ್ದು ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಗುರುವಾರ ಬೆಳಿಗ್ಗೆ ಪಟ್ಟಿಯಲ್ಲಿ ಇಪ್ಪತ್ತೆಂಟು ಹೆಸರಿದ್ದವು. ಒಬ್ಬರಿಗೆ ಹೊಟ್ಟೆ ಕೆಟ್ಟು ಲಾಡ್ಜಿನಲ್ಲೇ ಉಳಿದರು, ಉಳಿದವರು ಇಪ್ಪತ್ತೇಳು. ಹೆಂಡತಿಯನ್ನು ತನ್ನ ಪಕ್ಕದ ಮಡಚುವ ಸೀಟಿನಲ್ಲಿ ಕೂರಿಸಿಕೊಂಡ. ಅವಳ ಫೋನಿನ ಚಾರ್ಜು ಕಡಿಮೆಯಿತ್ತು, ಸ್ಟೇರಿಂಗ್ ಪಕ್ಕದ ಪೆಟ್ಟಿಗೆಯಲ್ಲಿ ಚಾರ್ಜಿಗೆ ಹಾಕಿಕೊಟ್ಟ. ಅಲ್ಲಿಗೆ ತನ್ನ ಪ್ರೀತಿಯನ್ನೆಲ್ಲ ತೋರಿಸಿ ಮುಗಿಸಿದವನಂತೆ ಗೇರು ಹಾಕಿದ.

ಬಸ್ಸಿನ ಗೈಡು ಒಬ್ಬರು ನಿವೃತ್ತ ಇತಿಹಾಸದ ಮೇಷ್ಟ್ರು. ಕೈಯಲ್ಲಿ ಮೈಕು ಸಿಕ್ಕರೆ ಊಟ ತಿಂಡಿ ಬೇಡದ ಮನುಷ್ಯ. ಗ್ರಂಥಾಲಯ ಮುಗಿದ ಮೇಲೆ ಅವರೇ ಅವಳಿಗೆ, "ಏನಮ್ಮಾ, ಈ ಇಂಜಿನ್ ಬಿಸೀಲಿ ಯಾಕೆ ಕೂರ್ತೀರಿ? ಹಿಂದೆ ಒಂದು ಕಿಟಕಿ ಸೀಟು ಖಾಲಿ ಇದೆ, ಹೋಗಿ," ಎಂದರು. ಅವಳು ಎದ್ದು ಹೋದಳು. ಹೋಗುತ್ತಾ ಇವನ ಕಡೆ ನೋಡಿದಳು. ಇವನು ಕೈಗಡಿಯಾರ ನೋಡುತ್ತಿದ್ದ.

ಹೆಂಡತಿ ಬಸ್ಸಿನಲ್ಲಿರುವ ದಿನವಾದರೂ ನಿಧಾನವಾಗಿರಬಾರದಿತ್ತೇ? ಉಲ್ಟಾ ಆಯಿತು. ತನ್ನ ಕೆಲಸ ಎಷ್ಟು ಅಚ್ಚುಕಟ್ಟು ಎಂದು ಅವಳು ಕಣ್ಣಾರೆ ನೋಡಲಿ ಎಂಬ ಹುರುಪಿನಲ್ಲಿ ಅವನು ಎಂದಿಗಿಂತ ಹೆಚ್ಚು ಅವಸರ ಮಾಡಿದ. ಸೇತುವೆಯ ಮೇಲೆ ಫೋಟೋ ತೆಗೆಯುತ್ತಿದ್ದವರನ್ನು ಕುರಿ ಅಟ್ಟಿದ ಹಾಗೆ ಅಟ್ಟಿ ತಂದ. ಗಂಟೆ ಗೋಪುರದಲ್ಲಿ ಮೇಷ್ಟ್ರ ಕಥೆಯ ನಡುವೆಯೇ ಹಾರನ್ ಹೊಡೆದ. ಕೋಟೆಗೆ ಬಂದಾಗ ಹನ್ನೊಂದೂ ನಲವತ್ತು. "ಐವತ್ತೇ ನಿಮಿಷ. ಮೇಲಕ್ಕೆ ಹತ್ತಿ ಇಳಿಯೋಕೆ ಇಪ್ಪತ್ತು ನಿಮಿಷ ಧಾರಾಳ ಸಾಕು," ಎಂದು ಎಂದಿನಂತೆ ಕೂಗಿದ. ಒಂದು ಹೊಸ ಜೋಡಿ ಹತ್ತು ನಿಮಿಷ ತಡ ಮಾಡಿತು. ಅವರು ಕಾಣಿಸುವ ಹೊತ್ತಿಗೆ ಇವನು ಕುದಿಯುತ್ತಿದ್ದ. ಬಾಗಿಲ ಬಳಿ ನಿಂತು ಹತ್ತಿದವರ ತಲೆ ಎಣಿಸಿದ. ಅದು ಅವನು ಹತ್ತೊಂಬತ್ತು ವರ್ಷದಿಂದ ಒಂದು ದಿನವೂ ತಪ್ಪಿಸದ ಕೆಲಸ.

"ಇಪ್ಪತ್ತೇಳಾ, ಮೇಷ್ಟ್ರೇ?"

ಮೇಷ್ಟ್ರು ಪಟ್ಟಿ ನೋಡಿದರು. "ಇಪ್ಪತ್ತೇಳು, ಸರಿಯಾಗಿದೆ."

"ಹೊರಡೋಣಪ್ಪಾ, ಹೊರಡೋಣ."

ಹದಿನಾಲ್ಕು ಕಿಲೋಮೀಟರ್ ಇಳಿಜಾರು. ಮುದ್ರಣಾಲಯದ ಮುಂದೆ ಬಸ್ಸು ನಿಂತಿತು, ಜನ ಊಟಕ್ಕೆ ಇಳಿದು ಹೋದರು. ಅವನು ಸೀಟಿನಡಿಯಿಂದ ಅವಳು ಬೆಳಿಗ್ಗೆ ಕಟ್ಟಿದ್ದ ಎರಡು ಊಟದ ಡಬ್ಬಿ ಎತ್ತಿಕೊಂಡು, ಹಿಂದಕ್ಕೆ ತಿರುಗದೆಯೇ ಕರೆದ, "ಬಾರೇ, ಊಟ ಮಾಡೋಣ."

ತಿರುಗಿ ನೋಡಿದ. ಹಿಂದಿನ ಕಿಟಕಿ ಸೀಟಿನಲ್ಲಿ ಅವಳ ಸ್ವೆಟರ್ ಮಾತ್ರ ಇತ್ತು. ಆಗ ಅವನಿಗೆ ಲೆಕ್ಕ ತಿಳಿಯಿತು. ಪಟ್ಟಿಯವರಲ್ಲಿ ಬಂದದ್ದು ಇಪ್ಪತ್ತೇಳು, ಅವಳೊಬ್ಬಳು ಸೇರಿದರೆ ಇಪ್ಪತ್ತೆಂಟು. ಹತ್ತೊಂಬತ್ತು ವರ್ಷದಲ್ಲಿ ಒಬ್ಬ ಅಪರಿಚಿತನನ್ನೂ ಬಿಟ್ಟು ಬರದವನು, ಕಟ್ಟಿಕೊಂಡ ಹೆಂಡತಿಯನ್ನು ಗುಡ್ಡದ ಮೇಲೆ ಬಿಟ್ಟು ಬಂದಿದ್ದ. ಅವಳ ಫೋನು ಸ್ಟೇರಿಂಗ್ ಪಕ್ಕದಲ್ಲಿ ಚಾರ್ಜು ತುಂಬಿ ಹಸಿರು ದೀಪ ತೋರಿಸುತ್ತಿತ್ತು.

ಓಡಿಹೋಗಿ ಮೇಷ್ಟ್ರನ್ನು ಹುಡುಕಿ ಹೇಳಿದ. "ಅಯ್ಯೋ ದೇವ್ರೇ! ಪಟ್ಟೀಲಿ ಇರ್ಲಿಲ್ವಲ್ರೀ!" ಎಂದು ಅವರು ಹಣೆ ಚಚ್ಚಿಕೊಂಡರು.

"ನಾನೂ ಪಟ್ಟಿಗೇ ಎಣಿಸ್ದೆ ಮೇಷ್ಟ್ರೇ."

"ನಿಂತು ಏನ್ ನೋಡ್ತೀರಿ, ಹೋಗ್ರಿ! ಇವರಿಗೆ ನಾನು ಕಥೆ ಹೇಳ್ತಿರ್ತೀನಿ, ಎಷ್ಟು ಹೊತ್ತು ಬೇಕಾದ್ರೂ ಹೇಳ್ತೀನಿ," ಎಂದರು. ಅಷ್ಟು ಗಾಬರಿಯಲ್ಲೂ ಅವರ ದನಿಯಲ್ಲಿ ಸಣ್ಣ ಸಂತೋಷವಿತ್ತು.

ಖಾಲಿ ಬಸ್ಸು ಗುಡ್ಡ ಹತ್ತಿತು. ಪ್ರತಿ ತಿರುವಿನಲ್ಲೂ ಅವಳು ರಸ್ತೆ ಬದಿಯಲ್ಲಿ ನಡೆದು ಬರುತ್ತಿರುವಂತೆ ಅವನಿಗೆ ಕಾಣುತ್ತಿತ್ತು, ಹತ್ತಿರ ಬಂದರೆ ಬೇರೆ ಯಾರೋ. ಅಳುತ್ತಾ ಕೂತಿರುತ್ತಾಳೆ ಎಂದುಕೊಂಡ. ಬೈಯಲಿ, ನಾಲ್ಕು ಜನರ ಮುಂದೆ ಉಗಿಯಲಿ, ಅದಕ್ಕೂ ತಯಾರಾದ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮಗಳು. ಟ್ರಿಪ್ಪು ಹೇಗಿದೆ ಎಂದು ಅಮ್ಮನನ್ನು ಕೇಳಲು ಮಾಡಿರಬೇಕು. ಎತ್ತುವ ಧೈರ್ಯ ಬರಲಿಲ್ಲ. ಹೊಡೆದು ಹೊಡೆದು ಅದೇ ಸುಮ್ಮನಾಯಿತು.

ಕೋಟೆಯ ಬಾಗಿಲಲ್ಲಿ ಅವಳಿರಲಿಲ್ಲ. ನೆರಳಿನಲ್ಲೂ ಇರಲಿಲ್ಲ. ಟಿಕೆಟ್ ಕೊಡುವವನು ಹಳೇ ಪರಿಚಯ, ದಿನಾ ಇವನ ಜೊತೆ ಚಹಾ ಕುಡಿಯುವವನು. "ನಿಮ್ಮ ಮನೆಯವರಾ? ಆಚೆ ಬಂದ ಹಾಗಿಲ್ಲ. ಒಳಗೇ ಇರ್ಬೇಕು," ಎಂದ. ಹೊರಡೋಣಪ್ಪ ನೇರ ನುಗ್ಗಿದ. ನುಗ್ಗಿದ ಮೇಲೆ ಎಡಕ್ಕೋ ಬಲಕ್ಕೋ ತಿಳಿಯದೆ ನಿಂತ. ಹತ್ತೊಂಬತ್ತು ವರ್ಷ ಈ ಕೋಟೆಯ ಮುಂದೆ ಬಸ್ಸು ನಿಲ್ಲಿಸಿದವನು, ಮೆಟ್ಟಿಲು ಎಲ್ಲಿದೆ ಎಂದು ಒಂದು ಶಾಲೆಯ ಮಗುವನ್ನು ಕೇಳಬೇಕಾಯಿತು.

ಮೆಟ್ಟಿಲು ಕಡಿದಾಗಿದ್ದವು, ಒಂದೊಂದು ಒಂದೊಂದು ಎತ್ತರ. ಐವತ್ತು ಹತ್ತುವಷ್ಟರಲ್ಲಿ ಗೋಡೆಗೆ ಒರಗಿ ನಿಲ್ಲಬೇಕಾಯಿತು. ಎಪ್ಪತ್ತಕ್ಕೆ ಜೀವ ಬಾಯಿಗೆ ಬಂತು. ಕೈಯಲ್ಲಿ ಆ ಎರಡು ಡಬ್ಬಿಗಳು ಇನ್ನೂ ಹಾಗೇ ಇದ್ದವು, ಬಸ್ಸಿನಲ್ಲಿಟ್ಟು ಬರಲು ಹೊಳೆದಿರಲಿಲ್ಲ. ಇಪ್ಪತ್ತು ನಿಮಿಷ ಧಾರಾಳ ಸಾಕು ಎಂದು ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೆನೋ ಎಂದು ನೆನೆದು ಅವನಿಗೆ ನಾಚಿಕೆಯಾಯಿತು. ಮುದುಕರು, ಬಸುರಿಯರು, ಮಕ್ಕಳನ್ನು ಎತ್ತಿಕೊಂಡವರು, ಎಲ್ಲರನ್ನೂ ಅವನು ಕೆಳಗಿನಿಂದ ಹಾರನ್ ಹೊಡೆದು ಇಳಿಸಿದ್ದ.

ಅವಳು ಮೇಲಿನ ಒಂದು ಸಣ್ಣ ಕೋಣೆಯಲ್ಲಿದ್ದಳು. ಒಂದು ಕಾಲದಲ್ಲಿ ವಿಶ್ವವಿದ್ಯಾಲಯದವರು ಪುಂಡ ವಿದ್ಯಾರ್ಥಿಗಳನ್ನು ವಾರಗಟ್ಟಲೆ ಕೂಡಿಹಾಕುತ್ತಿದ್ದ ಕೋಣೆ ಅದು. ಕೂತು ಕೂತು ಬೇಸತ್ತ ಹುಡುಗರು ಗೋಡೆ ತುಂಬ ಮೊಳೆಯಿಂದ ಕೆತ್ತಿದ್ದರು: ಹೆಸರುಗಳು, ಕೋಪ, ಮೇಷ್ಟ್ರುಗಳ ಮೂಗಿನ ಚಿತ್ರ, ಕಳೆದ ದಿನಗಳ ಗೀಟು. ಅವಳು ಕಲ್ಲಿನ ಜಗುಲಿಯ ಮೇಲೆ ಕಾಲು ಮಡಚಿ ಕೂತು ಬೆರಳಿಟ್ಟು ಒಂದೊಂದೇ ಓದುತ್ತಿದ್ದಳು. ಅಳುವಿನ ಸುಳಿವೇ ಇರಲಿಲ್ಲ.

"ಬಂದ್ರಾ?" ಎಂದಳು.

ಅವನು ಏದುಸಿರು ಬಿಡುತ್ತಾ ಬಾಗಿಲ ಕಲ್ಲು ಹಿಡಿದು ನಿಂತ. ಸಾವಿರ ಮಾತಿದ್ದವು. ಬಾಯಿಗೆ ಬಂದದ್ದು ಮಾತ್ರ ಅದೇ: "ಬಾ, ಹೊರಡೋಣ."

ಅವಳು ನಕ್ಕುಬಿಟ್ಟಳು. ಜೋರಾಗಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು. ಅವಳು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತೋ ಅವನಿಗೆ ನೆನಪಾಗಲಿಲ್ಲ.

"ತಪ್ಪಾಯ್ತು ಕಣೇ. ಪಟ್ಟಿ ನೋಡಿ ಎಣಿಸ್ದೆ. ನಿಜವಾಗ್ಲೂ..."

"ಗೊತ್ತು ಬಿಡಿ," ಎಂದಳು. "ಆ ಕಿಂಡಿಯಿಂದ ಎಲ್ಲ ಕಾಣುತ್ತೆ. ನೀವು ಎಣಿಸಿದ್ದೂ ನೋಡ್ದೆ, ಹೊರಟಿದ್ದೂ ನೋಡ್ದೆ. ಮೊದ್ಲು ಕೈ ಬೀಸ್ದೆ. ಆಮೇಲೆ ಬಸ್ಸು ತಿರುವಲ್ಲಿ ಮರೆಯಾಯ್ತು. ಈಗ ಅಳು ಬರುತ್ತೆ ಅಂತ ಕಾದೆ ರೀ. ಬರ್ಲಿಲ್ಲ. ಅಬ್ಬಾ ಅನ್ನಿಸ್ತು. ಇನ್ನು ಸ್ವಲ್ಪ ಹೊತ್ತು ಯಾರೂ ನನ್ನ ಏಳು ಅನ್ನಲ್ಲ ಅಂತ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಇದನ್ನು ಹೇಗೆ ತಡೆದುಕೊಳ್ಳುವುದೋ ಅವನಿಗೆ ಗೊತ್ತಾಗಲಿಲ್ಲ. ಆದರೂ ಕೈ ಹಾಳಾದ್ದು ತನ್ನಷ್ಟಕ್ಕೆ ಮೇಲೆದ್ದು ಗಡಿಯಾರ ತೋರಿಸಿತು. ಎರಡೂಕಾಲು.

ಅವಳು ಅದನ್ನೂ ನೋಡಿದಳು. "ಹೋಗಿ. ಅವರಿಗೆಲ್ಲ ರೈಲಿದೆ, ಪಾಪ. ನನಗಿಲ್ಲ. ನಾನು ಊರ ಬಸ್ಸಲ್ಲಿ ಬರ್ತೀನಿ."

"ಎಷ್ಟು ಹೊತ್ತಿಗೆ?"

"ನೋಡಿ ಮುಗಿದ ಮೇಲೆ."

ಅವನು ಒಂದು ಡಬ್ಬಿ ಅವಳ ಪಕ್ಕದಲ್ಲಿಟ್ಟ. ಜೇಬಿನಲ್ಲಿದ್ದ ಚಿಲ್ಲರೆಯನ್ನೆಲ್ಲ ಬಸ್ ಚಾರ್ಜಿಗೆಂದು ಸುರಿದ. ಫೋನು ಬಸ್ಸಿನಲ್ಲೇ ಇತ್ತು, ತಂದುಕೊಡಲೇ ಎಂದರೆ ಬೇಡವೆಂದಳು. ಮೊದಲ ಸಲ ಅವಳನ್ನು ಬಿಟ್ಟು ಹೋಗಿದ್ದು ಗೊತ್ತಿಲ್ಲದೆ. ಈ ಸಲ ಗೊತ್ತಿದ್ದೂ ಬಿಟ್ಟು ಇಳಿಯಬೇಕಾಯಿತು. ನೂರ ಹನ್ನೆರಡು ಮೆಟ್ಟಿಲು ಎಂದು ಇಳಿಯುವಾಗ ಎಣಿಸಿದ.

ಮುದ್ರಣಾಲಯದಲ್ಲಿ ಜನ ಮೇಷ್ಟ್ರ ಸುತ್ತ ಕಣ್ಣರಳಿಸಿ ಕೂತಿದ್ದರು, ಬಸ್ಸು ಬಂದಿದ್ದಕ್ಕೆ ಯಾರಿಗೂ ಅಂಥ ಖುಷಿಯಾದಂತೆ ಕಾಣಲಿಲ್ಲ. ಸಂಜೆ ಪೇಟೆ ಸುತ್ತಲು ಬಿಡುವ ಎರಡು ಗಂಟೆಯನ್ನು ಮೊಟಕು ಮಾಡಿ ನಿಲ್ದಾಣ ಮುಟ್ಟಿದಾಗ ಐದೂ ನಲವತ್ತೇಳು. ಎರಡು ನಿಮಿಷ ತಡ. ಯಾರೂ ಗಮನಿಸಲೂ ಇಲ್ಲ. ಎರಡು ನಿಮಿಷ ತಡವಾದರೆ ಆಕಾಶ ಕಳಚಿ ಬೀಳುತ್ತದೆ ಎಂದು ನಂಬಿಕೊಂಡು ಬದುಕಿದ್ದವನು ಬಸ್ಸನ್ನು ಶೆಡ್ಡಿಗೆ ಹಾಕಿ, ಊರ ಬಸ್ ನಿಲ್ದಾಣಕ್ಕೆ ಓಡಿದ.

ಕೋಟೆ ಕಡೆಯಿಂದ ಬಸ್ಸುಗಳು ಬರುವುದು ಮೂಲೆಯ ಕಟ್ಟೆಗೆ. ಆರಕ್ಕೆ ಒಂದು ಬಂತು. ಹದಿನಾಲ್ಕು ಜನ ಇಳಿದರು, ಅವಳಿಲ್ಲ. ಆಮೇಲೆ ಅವನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಅವಳ ತಂಗಿಯ ಊರಿನ ಬಸ್ಸೂ ಅದೇ ಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಸೋಮವಾರದ ತನಕ ಯಾಕೆ ಕಾಯಬೇಕು? ಬಟ್ಟೆಯನ್ನು, ಮೆಷಿನ್ನನ್ನು ಮಗಳು ಆಮೇಲೆ ಕಳಿಸಬಹುದು. ಚಾರ್ಜಿಗೆ ಚಿಲ್ಲರೆಯನ್ನು ತಾನೇ ಕೊಟ್ಟು ಬಂದಿದ್ದ! ಎದ್ದ, ಕೂತ, ಕಂಬ ಸುತ್ತಿದ. ವೇಳಾಪಟ್ಟಿ ಓದಿದ, ಅದನ್ನೇ ಮತ್ತೆ ಓದಿದ. ಆರೂ ಇಪ್ಪತ್ತರ ಬಸ್ಸಿನಿಂದ ಒಂಬತ್ತು ಜನ. ಎಲ್ಲರೂ ಯಾರ್ಯಾರೋ. ಒಬ್ಬರಿಗಾಗಿ ಕಾಯುವುದೆಂದರೆ ಹೀಗಿರುತ್ತದೆಯೇ? ಇವಳು ಪ್ರತಿ ಸಂಜೆ ಇಷ್ಟು ವರ್ಷ ಇದನ್ನೇ ಮಾಡಿದಳೇ?

ಏಳಕ್ಕೆ ಹತ್ತು ನಿಮಿಷವಿರುವಾಗ ಬಂದ ಬಸ್ಸಿನಿಂದ ಕೊನೆಯವಳಾಗಿ ಅವಳು ಇಳಿದಳು, ಕೈಯಲ್ಲಿ ಖಾಲಿ ಡಬ್ಬಿ. ಬಿಸಿಲಿಗೆ ಮುಖ ಕೆಂಪಾಗಿತ್ತು. ಇವನು ಜನರನ್ನು ತಳ್ಳಿಕೊಂಡು ಹೋಗಿ ಮುಂದೆ ನಿಂತ.

"ಹೋಗ್ಬೇಡ ಕಣೇ," ಎಂದ. "ತಂಗಿ ಊರಿಗೆ. ಹೋಗ್ಬೇಡ."

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತಳು. ಇವನೂ ಕೂತ. ಕಂಡಕ್ಟರು ಇನ್ನೊಂದು ಬಸ್ಸಿಗೆ ಜನರನ್ನು ಕರೆಯುತ್ತಿದ್ದ.

"ಈ ಮಾತು ಕೇಳ್ಬೇಕು ಅಂತ ಮಂಗಳವಾರದಿಂದ ಕಾಯ್ತಿದ್ದೆ," ಎಂದಳು. "ಹೇಳಿದ್ರಲ್ಲ, ಸಂತೋಷ ಆಯ್ತು. ಸುಳ್ಳಲ್ಲ. ಆದ್ರೂ ಹೋಗ್ತೀನಿ ರೀ."

ಹೊರಡೋಣಪ್ಪ ಅತ್ತ. ನಾಲ್ಕು ಜನ ನೋಡುತ್ತಿದ್ದರು, ನೋಡಲಿ ಎಂದು ಅತ್ತ. ಅವಳು ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಗೋಡೆಯ ಮೇಲಿನ ಆ ಹುಡುಗರ ಕೆತ್ತನೆಗಳ ಬಗ್ಗೆ ಹೇಳತೊಡಗಿದಳು. ಅವನಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ, ಆದರೆ "ಗೊತ್ತಾಯ್ತು" ಎನ್ನಲಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು, "ಬರೋ ಭಾನುವಾರದ ಮುಂದಿನ ಭಾನುವಾರ ಊಟಕ್ಕೆ ಬನ್ನಿ ಅಲ್ಲಿಗೆ. ಬಂದ್ರೆ ಸಂಜೆ ತನಕ ಇರ್ಬೇಕು," ಎಂದಳು.

ಭಾನುವಾರವೆಂದರೆ ಬಸ್ಸಿಗೆ ವಾರದಲ್ಲೇ ಹೆಚ್ಚು ಜನ. ಒಂದು ಭಾನುವಾರವೂ ಅವನು ರಜೆ ಹಾಕಿದವನಲ್ಲ. ಅವಳಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಕರೆದಿದ್ದಳು.

ಅವನು ತೋಳಿನಿಂದ ಮೂಗು ಒರೆಸಿಕೊಂಡ. "ಶನಿವಾರ ಸಂಜೆನೇ ಬಂದುಬಿಡ್ಲಾ?" ಎಂದು ಕೇಳಿದ.